ಪ್ರಿಂಟರಿಗೆ ಕಾಣದ ಅಂತರಪಟ

ಯಾವುದಾದರೂ ಹಳೆಯ ಸಂಗತಿ ಮೊದಲು, ನಡು, ಕೊನೆ ಎಂದು ಸಾಲಾಗಿ ಕೈಕಟ್ಟಿ ನಿಂತು ನೆನಪಿಗೆ ಬಂದರೆ ನನಗೆ ಕೂಡಲೇ ಅನುಮಾನ ಹುಟ್ಟುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಕ್ಕಳು ಹಾಗೆ ನಿಲ್ಲುವುದು ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಎಂಬುದು ನನಗೆ ಗೊತ್ತು. ಮಿಕ್ಕ ದಿನ ಊಟದ ಗಂಟೆ ಹೊಡೆದಾಗ ಅವರು ಬಾಗಿಲಲ್ಲಿ ನುಗ್ಗುವ ರೀತಿಯೇ ಅವರ ನಿಜವಾದ ರೀತಿ, ಒಬ್ಬನ ತಟ್ಟೆ ಇನ್ನೊಬ್ಬನ ತಲೆಯ ಮೇಲೆ. ನೆನಪು ಕೂಡ ಹಾಗೇ ಬರಬೇಕು. ಆದರೆ ನಮ್ಮ ಮನೆಯ ಪ್ರಿಂಟರಿನ ಪ್ರಕರಣ ಈಗ ಎಷ್ಟು ಅಚ್ಚುಕಟ್ಟಾಗಿ ನೆನಪಾಗುತ್ತದೆಂದರೆ, ಅದನ್ನು ಯಾರೋ ಇಸ್ತ್ರಿ ಮಾಡಿಟ್ಟಿದ್ದಾರೆ ಎನ್ನುವುದರಲ್ಲಿ ಸಂಶಯವಿಲ್ಲ. ಮಾಡಿದವರು ಮೂವರು: ನನ್ನ ಹೆಂಡತಿ ವನಜ, ನನ್ನ ತಾಯಿ ಮತ್ತು ನಾನು. ಮೂವರ ಮಡಿಕೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ಕಡೆಯಲ್ಲೆಲ್ಲ ನಾನು ಕಡಿಮೆ ದಡ್ಡನಾಗಿ ಕಾಣುವ ಪಾಠವನ್ನೇ ಆರಿಸಿಕೊಂಡಿದ್ದೇನೆ. ಆದರೂ ಆಯ್ಕೆಗೆ ಹೆಚ್ಚು ಅವಕಾಶವಿರಲಿಲ್ಲ ಎಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ನಾವಿರುವುದು ಶಿಡ್ಲಘಟ್ಟದಲ್ಲಿ. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯಲ್ಲಿ ವನಜ ಬ್ಲೌಸ್ ಹೊಲಿಯುತ್ತಾಳೆ. 'ಹೊಲೀತಾಳೆ ಅನ್ಬೇಡಿ, ಬೊಟಿಕ್ ನಡೆಸ್ತಾಳೆ ಅನ್ನಿ' ಎಂದು ಅವಳು ನನ್ನನ್ನು ನೆಂಟರ ಮುಂದೆ ತಿದ್ದಿದ್ದುಂಟು. ಬೊಟಿಕ್ ಎಂಬ ಬೋರ್ಡೇನೋ ಬಂತು. ಅದರ ಕೆಳಗೆ ಬರುತ್ತಿದ್ದುದು ಮಾತ್ರ ತೋಳು ಬಿಗಿ, ಕಂಕುಳು ಸಡಿಲ, ಹುಕ್ಕು ಕಿತ್ತುಹೋಗಿದೆ ಎನ್ನುವಂಥ ದುರಸ್ತಿ ಕೆಲಸಗಳೇ. ಹಾಗಿರುವಾಗ ಒಂದು ಸಂಜೆ ರತ್ನಮ್ಮನವರು ಬಂದರು. ರತ್ನಮ್ಮ ಎಂದರೆ ರೇಷ್ಮೆ ನೂಲು ತೆಗೆಯುವ ಮನೆತನದ ಹಿರಿಯಾಕೆ. ನೂಲು ತೆಗೆಯುವವರ ಬೀದಿಗಳಲ್ಲಿ ಯಾವ ಡಾಕ್ಟರ ಕೈಗುಣ ಚೆನ್ನ, ಯಾವ ಅಂಗಡಿಯ ಬೇಳೆ ಬೇಯುವುದಿಲ್ಲ ಎಂಬುದನ್ನೆಲ್ಲ ತೀರ್ಮಾನಿಸುವುದು ಅವರೇ. ಅವರು 'ಪರವಾಗಿಲ್ಲ ಕಣಮ್ಮ' ಎಂದರೆ ವನಜಳ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ. 'ಅಯ್ಯೋ, ಅವಳಾ' ಎಂದರೆ ಬೋರ್ಡು ಇಳಿಸಿ ಅದರ ಹಿಂಬದಿಗೆ 'ಮನೆ ಬಾಡಿಗೆಗಿದೆ' ಎಂದು ಬರೆಯಬೇಕಾಗುತ್ತದೆ.

ರತ್ನಮ್ಮನವರ ಅಣ್ಣನ ಮಗಳಿಗೆ ಚಿಂತಾಮಣಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಅದಕ್ಕೊಂದು ಅಂತರಪಟ ಬೇಕಾಗಿತ್ತು. ಮುಹೂರ್ತ ಕೂಡಿಬರುವ ತನಕ ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡದಿರಲಿ ಎಂದು ನಡುವೆ ಹಿಡಿಯುವ ಬಟ್ಟೆ ಅದು. ನಮ್ಮ ಕಾಲದಲ್ಲಿ ಅಲ್ಲೇ ಯಾರ ಹೆಗಲ ಮೇಲಿನ ಪಂಚೆ ಬೆಳ್ಳಗಿದೆಯೋ ಅದನ್ನು ಕಿತ್ತುಕೊಂಡು ಅರಿಸಿನದಲ್ಲಿ ಒಂದು ಸ್ವಸ್ತಿಕ್ ಬರೆದು ಹಿಡಿದರೆ ಮುಗಿಯುತ್ತಿತ್ತು. ಈಗ ಗಂಡು ಹೆಣ್ಣು ವರ್ಷಗಟ್ಟಲೆ ಫೋನಿನಲ್ಲಿ ಮುಖ ನೋಡಿಕೊಂಡಿರುತ್ತಾರಾದ್ದರಿಂದ ಅಂತರಪಟದ ಮಹತ್ವ ಹೆಚ್ಚಾಗಿದೆ. ಅದು ಫೋಟೋದಲ್ಲಿ ಬರುತ್ತದೆ.

"ಎಲ್ರ ಮದ್ವೇಲೂ ಇರೋ ಹಂಗೆ ಬೇಡ ವನಜಮ್ಮ," ಎಂದರು ರತ್ನಮ್ಮ. "ನಮ್ಮನೇ ನೂಲು, ದೊಡ್ಡಬಳ್ಳಾಪುರದಾಗೆ ನೇಯ್ಸಿದ್ದು. ಅದರ ಮೇಲೆ ಹುಡ್ಗ ಹುಡ್ಗಿ ಮಖ ಬರ್ಬೇಕು, ಫೋಟೋದಾಗೆ ಇದ್ದಂಗೆ. ಬೆಂಗ್ಳೂರಾಗೆ ಪ್ರಿಂಟ್ ಹಾಕ್ತಾರಂತಲ್ಲ?"

ವನಜ ಇನ್ನೇನು 'ನಮ್ಮಲ್ಲಿ ಅದು ಆಗಲ್ಲಮ್ಮ' ಎನ್ನುವುದರಲ್ಲಿದ್ದಳು. ಅಷ್ಟರಲ್ಲಿ ನಾನು ಕಾಫಿ ಲೋಟ ಹಿಡಿದು ಒಳಗಿನಿಂದ ಬಂದೆ. ನನ್ನ ನೆನಪಿನಂತೆ ನಾನು ಹೇಳಿದ್ದು, 'ಅದಕ್ಕೆ ಬೆಂಗಳೂರೇ ಬೇಕಾಗಿಲ್ಲ' ಎಂಬ ಸಾಧಾರಣ ಮಾತು. ವನಜಳ ಪ್ರಕಾರ ನಾನು ಹೇಳಿದ್ದು, 'ಅದೇನ್ ಮಹಾ, ನಾನೇ ಮಾಡ್ಕೊಡ್ತೀನಿ' ಎಂದು. ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನಿಗೆ ಕೇಳಿಸಿದ್ದು, 'ಈ ತಾಲ್ಲೂಕಿನಾಗೆ ನನ್ ಬಿಟ್ರೆ ಇನ್ಯಾರೂ ಇಲ್ಲ' ಎಂದು. ಅಮ್ಮನ ಕಿವಿ ಸ್ವಲ್ಪ ಮಂದ. ಆದರೆ ಮಂದವಾದ ಕಿವಿಗೆ ಮಾತಿನ ತಿರುಳು ಮಾತ್ರ ಕೇಳಿಸುತ್ತದೆಯೋ ಏನೋ.

ನನ್ನ ಧೈರ್ಯಕ್ಕೆ ಕಾರಣ ಅಟ್ಟದ ಮೇಲಿದ್ದ ಒಂದು ಹಳೆಯ ಇಂಕ್‌ಜೆಟ್ ಪ್ರಿಂಟರು. ವನಜಳ ತಮ್ಮ ಮಂಜು ಗೌರಿಬಿದನೂರಿನ ಕುಡುಮಲಕುಂಟೆಯಲ್ಲಿ ಕಾರ್ಖಾನೆ ಕೆಲಸಗಾರರನ್ನೇ ನಂಬಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಕೆಲಸಗಾರರು ಎಲ್ಲವನ್ನೂ ಫೋನಿನಲ್ಲೇ ಕಳಿಸಲು ಕಲಿತ ಮೇಲೆ ಅಂಗಡಿ ಮುಚ್ಚಿ ತಾನೇ ಕಾರ್ಖಾನೆ ಸೇರಿದ. ಮುಚ್ಚಿದ ದಿನ ಪ್ರಿಂಟರನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದು ನನಗೊಪ್ಪಿಸಿದ್ದ. "ಒಳ್ಳೇ ಮಿಷಿನ್ ಭಾವ, ಸೆನ್ಸರ್ ಮಾತ್ರ ಒಂಚೂರು ಸೂಕ್ಷ್ಮ," ಎಂದಿದ್ದ. ಹೆಣ್ಣು ತೋರಿಸುವವರು 'ಹುಡುಗಿಗೆ ಸ್ವಲ್ಪ ಮುಂಗೋಪ' ಎನ್ನುವ ದನಿಯಲ್ಲೇ ಹೇಳಿದ್ದ. ಆಗಲೇ ನನಗೆ ಅರ್ಥವಾಗಬೇಕಾಗಿತ್ತು.

ಬಟ್ಟೆಯ ಮೇಲೆ ಪ್ರಿಂಟ್ ಹಾಕುವುದು ತತ್ವದಲ್ಲಿ ಸುಲಭ. ಪ್ರಿಂಟರಿನ ಹೊಟ್ಟೆಯನ್ನು ಸ್ವಲ್ಪ ಎತ್ತಿ, ಕಾಗದ ಎಳೆಯುವ ರಬ್ಬರು ಉರುಳೆಗಳನ್ನು ತೆಗೆದು, ಅವನ್ನು ತಿರುಗಿಸುತ್ತಿದ್ದ ಮೋಟಾರಿನಿಂದಲೇ ಅದರಡಿ ಒಂದು ಉದ್ದನೆಯ ಹಲಗೆ ಜಾರುವಂತೆ ಮಾಡಿ, ಹಲಗೆಯ ಮೇಲೆ ಬಟ್ಟೆ ಹಾಸಿದರಾಯಿತು. ನಾನು ರೇಷ್ಮೆಗೆ ಮೊದಲು ಅನ್ನದ ಗಂಜಿ ಹಾಕಿ, ಹಳೆಯ ಕ್ಯಾಲೆಂಡರ್ ಹಾಳೆಗೆ ಅಂಟಿಸಿ, ಇಸ್ತ್ರಿ ಮಾಡಿ ಗರಿಗರಿ ಮಾಡುವ ಉಪಾಯವನ್ನೂ ಕಂಡುಹಿಡಿದೆ. ಇದು ಪೂರ್ತಿ ನನ್ನದೇ. ಅಮ್ಮ ಮಾತ್ರ 'ಗಂಜಿ ನಾನ್ ಹೇಳ್ಕೊಟ್ಟಿದ್ದು' ಎನ್ನುತ್ತಾಳೆ.

ತೊಡಕಿದ್ದುದು ಪ್ರಿಂಟರಿನ ನಂಬಿಕೆಯಲ್ಲಿ. ಅದರೊಳಗೆ ಜೋಳದ ಕಾಳಿನಷ್ಟು ಕರಿಯ ಪ್ಲಾಸ್ಟಿಕ್ ನಾಲಗೆಯೊಂದಿದೆ, ಮಂಜು ಹೇಳಿದ ಸೆನ್ಸರ್ ಅದೇ. ಕಾಗದ ಒಳಗೆ ಬಂದಾಗ ಅದು ನಾಲಗೆಯನ್ನು ತಳ್ಳುತ್ತದೆ; ನಾಲಗೆ ಸರಿದರೆ 'ಕಾಗದ ಬಂದಿದೆ' ಎಂದು ಯಂತ್ರಕ್ಕೆ ತಿಳಿಯುತ್ತದೆ; ನಾಲಗೆ ಹಿಂದಕ್ಕೆ ಬಂದರೆ 'ಕಾಗದ ಮುಗಿಯಿತು' ಎಂದು ತಿಳಿಯುತ್ತದೆ. ಬಟ್ಟೆ ಮೆತ್ತಗೆ ಅದರಡಿ ನುಸುಳಿ ಹೋಗುತ್ತಿತ್ತು. ಕಣ್ಣೆದುರಿಗೆ ರೇಷ್ಮೆ ಹರಡಿಕೊಂಡಿದ್ದರೂ ಯಂತ್ರ ಕೆಂಪು ದೀಪ ಮಿಟುಕಿಸಿ, 'ಕಾಗದ ಇಲ್ಲ' ಎನ್ನುತ್ತಿತ್ತು. ಇದರಲ್ಲಿ ನನಗೆ ಆಶ್ಚರ್ಯವೇನೂ ಆಗಬಾರದಾಗಿತ್ತು. ಪಿಂಚಣಿಗೆಂದು ಕಚೇರಿಗೆ ಹೋದ ನನ್ನ ಸೋದರಮಾವನಿಗೆ ಅಲ್ಲಿಯವರು ಕೂರಲು ಕುರ್ಚಿ ಕೊಟ್ಟು, ಕುಡಿಯಲು ನೀರು ಕೊಟ್ಟು, ಬಳಿಕ ಅವನು ಬದುಕಿದ್ದಾನೆ ಎಂಬುದಕ್ಕೆ ಕಾಗದ ಕೇಳಿದ್ದರು. ನೀರು ಕುಡಿದವನು ಯಾರು ಎಂಬ ಪ್ರಶ್ನೆ ಅಲ್ಲಿ ಯಾರಿಗೂ ಏಳಲಿಲ್ಲ. ಈ ಯಂತ್ರವನ್ನು ಮಾಡಿದವರು ನಮ್ಮ ಕಡೆಯ ಕಚೇರಿಗಳನ್ನು ಚೆನ್ನಾಗಿ ನೋಡಿಕೊಂಡು ಹೋಗಿರಬೇಕು.

ಯಂತ್ರ ಇಷ್ಟಕ್ಕೇ ಸುಮ್ಮನಿರಲಿಲ್ಲ. ಹೊಟ್ಟೆ ಎತ್ತಿದ್ದರಿಂದ ಮುಚ್ಚಳ ಪೂರ್ತಿ ಮುಚ್ಚುತ್ತಿರಲಿಲ್ಲ. 'ಮುಚ್ಚಳ ತೆರೆದಿದೆ' ಎಂದಿತು. ಮುಚ್ಚಳದ ಸೆನ್ಸರಿನ ಸಂದಿಗೆ ಬಸ್ ಟಿಕೆಟ್ಟನ್ನು ಮಡಿಚಿ ತುರುಕಿ, ಮುಚ್ಚಿದೆ ಎಂದು ಒಪ್ಪಿಸಿದೆ. ಬಣ್ಣದ ಡಬ್ಬಿಗಳನ್ನು ಕೈಯಾರೆ ತುಂಬಿಸಿದ್ದರೂ 'ಬಣ್ಣ ಖಾಲಿ' ಎಂದಿತು. ಅದರ ಗುಂಡಿಯೊಂದನ್ನು ಒತ್ತಿ ಹಿಡಿದು, ಖಾಲಿಯಾದರೆ ನನ್ನದೇ ಹೊಣೆ ಎಂದು ಒಪ್ಪಿಕೊಂಡ ಮೇಲೆ ಬಿಟ್ಟಿತು. ಇಂಟರ್‌ನೆಟ್ಟಿನಲ್ಲಿ ಒಬ್ಬ ವಿದೇಶೀಯ ಗಡ್ಡಧಾರಿ ಇದೇ ಜಾತಿಯ ಪ್ರಿಂಟರನ್ನು ಬಿಚ್ಚುವ ವೀಡಿಯೋ ಹಾಕಿದ್ದ. ಅವನದನ್ನು ಬಿಚ್ಚಿದರೆ ಒಳಗೆ ದೇವರ ಮನೆಯಂಥ ಶುಭ್ರತೆ. ನನ್ನದನ್ನು ಬಿಚ್ಚಿದರೆ ಮಂಜುವಿನ ಅಂಗಡಿಯ ಚರಿತ್ರೆ: ಸ್ಟೇಪ್ಲರ್ ಪಿನ್ನು, ಕಡಲೆಕಾಯಿ ಸಿಪ್ಪೆ, ಯಾರದೋ ಪಾಸ್‌ಪೋರ್ಟ್ ಅಳತೆಯ ಅರ್ಧ ಮುಖ. ಚಿಂತಾಮಣಿಯಲ್ಲಿ ಪ್ರಿಂಟರ್ ರಿಪೇರಿ ಮಾಡುವವನೊಬ್ಬನಿಗೆ ತೋರಿಸೋಣವೆಂದು ಹೊತ್ತುಕೊಂಡು ಹೋದೆ. ಅವನು ಮುಚ್ಚಳವನ್ನೂ ಎತ್ತದೆ, ಕುರ್ಚಿಯಿಂದಲೂ ಏಳದೆ, "ಬಿಸಾಕಿ ಸಾರ್, ಹೊಸ್ದು ತಗೊಳ್ಳಿ," ಎಂದ. "ಏನಾಗಿದೆ ಅಂತಾದ್ರೂ ನೋಡಪ್ಪ," ಎಂದೆ. "ನೋಡೋದೇನ್ ಸಾರ್, ಸೆನ್ಸರ್ ಹೋಗಿದೆ," ಎಂದ. ನನ್ನ ಕೈಯಲ್ಲಿದ್ದುದು ಸ್ಕ್ಯಾನರೋ ಪ್ರಿಂಟರೋ ಎಂಬುದನ್ನು ಕೂಡ ಅವನು ಗಮನಿಸಿರಲಿಲ್ಲ ಎಂದು ನನ್ನ ಬಲವಾದ ನಂಬಿಕೆ. ಆದರೆ ಅವನ ಎದುರು ಕುಳಿತಿದ್ದ ನಾಲ್ಕಾರು ಜನ 'ಹೌದೌದು, ಸೆನ್ಸರೇ' ಎಂದು ತಲೆಯಾಡಿಸಿದರು. ಈಗಿನ ಕಾಲದಲ್ಲಿ ಸೆನ್ಸರ್ ಎಂದರೆ ಹಿಂದೆ ಗ್ರಹಚಾರ ಎನ್ನುತ್ತಿದ್ದುದಕ್ಕೆ ಬಂದಿರುವ ಹೊಸ ಹೆಸರು. ಕಾರು ಕೆಟ್ಟರೆ ಸೆನ್ಸರು, ವಾಷಿಂಗ್ ಮೆಷಿನ್ ನಿಂತರೆ ಸೆನ್ಸರು. ಯಾರೂ ಅದನ್ನು ಕಂಡಿರುವುದಿಲ್ಲ, ಎಲ್ಲರೂ ಅದಕ್ಕೆ ತಲೆಬಾಗುತ್ತಾರೆ.

ನಡುವೆ ಒಂದು ದೊಡ್ಡ ವಿಘ್ನ ಬಂತು. ಬಣ್ಣ ಉಗುಳುವ ತಲೆ ಎಡದಿಂದ ಬಲಕ್ಕೆ ಹೊರಟು, ಒಂದು ಜಾಗಕ್ಕೆ ಬಂದೊಡನೆ ದಿಕ್ಕು ತಪ್ಪಿದವನ ಹಾಗೆ ಗೋಡೆಗೆ ಹೋಗಿ ಗುದ್ದಿಕೊಳ್ಳತೊಡಗಿತು. ಅದಕ್ಕೆ ದಾರಿ ತೋರಿಸಲು ಒಳಗೆ ಪಾರದರ್ಶಕವಾದ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಅದರ ಮೇಲಿನ ಸಣ್ಣ ಗೆರೆಗಳನ್ನು ಎಣಿಸಿಕೊಂಡು ತಲೆ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಪಟ್ಟಿಯ ನಟ್ಟನಡುವೆ, ಅತ್ಯಂತ ಭಕ್ತಿಯಿಂದ ಇಟ್ಟ, ದುಂಡನೆಯ ಒಂದು ಕುಂಕುಮದ ಬೊಟ್ಟು! ಆಯುಧಪೂಜೆಯ ದಿನ ಸ್ಕೂಟರು, ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆಗಳ ಜೊತೆಗೆ ಪ್ರಿಂಟರಿಗೂ ಪೂಜೆಯಾಗಿತ್ತು. ಹೊರಗಿನ ಮುಚ್ಚಳಕ್ಕೆ ಇಟ್ಟಿದ್ದರೆ ಸಾಕಾಗಿತ್ತು. ಪೂಜೆ ಮಾಡಿದವರಿಗೆ ಯಂತ್ರದ ಆತ್ಮ ಒಳಗಿರುತ್ತದೆ ಎನ್ನಿಸಿರಬೇಕು.

"ಅಮ್ಮ, ಇಲ್ಲಿಗ್ಯಾಕೆ ಕುಂಕುಮ ಇಟ್ಟೆ?" ಎಂದೆ.

"ನಾನ್ಯಾಕೋ ಇಡ್ಲಿ? ನಂಗೆ ಅದ್ರ ಬಾಗ್ಲು ತೆಗ್ಯಾಕೇ ಬರಲ್ಲ," ಎಂದಳು ಅಮ್ಮ. "ನೀನೇ ಕಣೋ ಬಾಗ್ಲು ತೆಗ್ದು, ಇದು ಹೊಳೀತದೆ, ಇಲ್ಲಿಡಣ ಅಂದಿದ್ದು."

"ವನಜ ಇಟ್ಟಿರ್ಬೇಕು."

"ನಾನ್ ನನ್ ಹೊಲ್ಗೆ ಮಿಷಿನ್‌ಗೆ ಇಟ್ಕೊಂಡೆ," ಎಂದಳು ವನಜ ಕತ್ತರಿಯಿಂದ ಕಣ್ಣೆತ್ತದೆ. "ನೆಪ ಹುಡುಕ್ಬೇಡ್ರೀ, ಹತ್ತಿ ಸ್ಪಿರಿಟ್ ತಗೊಂಡು ಒರ್ಸಿ."

ಶಾಲೆಯಲ್ಲಿ ನಾನು ಗ್ರಹಣದ ದಿನ ಮಕ್ಕಳಿಗೆ ಚಿತ್ರಾನ್ನ ತಿನ್ನಿಸಿದ ಮನುಷ್ಯ. ನಾನು ಪ್ರಿಂಟರಿನ ಒಳಗೆ ಕುಂಕುಮ ಇಟ್ಟಿರಲಾರೆ ಎಂದು ತರ್ಕ ಹೇಳುತ್ತದೆ. ಆದರೆ ಆ ಬೊಟ್ಟು ಸರಿಯಾಗಿ ನನ್ನ ಉಂಗುರ ಬೆರಳಿನ ತುದಿಯಷ್ಟೇ ಇತ್ತು. ನಾನು ಅಳೆದು ನೋಡಿ, ಯಾರಿಗೂ ಹೇಳದೆ, ಒರೆಸಿದೆ.

ಅಷ್ಟು ಹೊತ್ತಿಗೆ ರತ್ನಮ್ಮನವರು ರೇಷ್ಮೆ ತಂದುಕೊಟ್ಟರು. ಗೂಡಿನ ಬಣ್ಣದ, ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗದಂಥ ಬಟ್ಟೆ. ಮೂರು ಪಟ್ಟಿಗೆ ಸರಿಯಾಗುವಷ್ಟೇ ಇತ್ತು: ಒಂದರಲ್ಲಿ ಹುಡುಗಿ, ನಡುವಿನದರಲ್ಲಿ ದೀಪ ಮತ್ತು ಹೆಸರುಗಳು, ಇನ್ನೊಂದರಲ್ಲಿ ಹುಡುಗ. ಮೂರನ್ನೂ ವನಜ ಜೋಡಿಸಿ, ಸುತ್ತ ಜರಿಯ ಅಂಚು ಕೊಟ್ಟು ಹೊಲಿಯುವುದೆಂದು ಮಾತಾಗಿತ್ತು. "ಇದ್ ಬಿಟ್ರೆ ಇನ್ನೊಂದು ಗೇಣೂ ಇಲ್ಲ ಮೇಷ್ಟ್ರೇ, ಜೋಪಾನ," ಎಂದ ರತ್ನಮ್ಮ ನನ್ನ ಯಂತ್ರದ ಕಡೆ ಓರೆಗಣ್ಣಿನಿಂದ ನೋಡಿದರು. ಕೆಂಪು ದೀಪ ಮಿಟುಕುತ್ತಿತ್ತು. "ಏನಂತದೆ ಇದು?"

"ಕಾಗದ ಇಲ್ಲ ಅಂತಿದೆ. ಬಟ್ಟೆ ಅದರ ಸೆನ್ಸರಿಗೆ ಕಾಣಲ್ಲ," ಎಂದೆ.

ರತ್ನಮ್ಮ ನಕ್ಕುಬಿಟ್ಟರು. ವರ್ಷಗಟ್ಟಲೆ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಅವರ ಬೆರಳುಗಳು ಸಾಬೂನಿನ ಹಾಗೆ ನುಣ್ಣಗಾಗಿದ್ದವು. "ರೇಷನ್ ಅಂಗ್ಡೀಲಿ ನನ್ ಹೆಬ್ಬೆಟ್ಟು ಇಟ್ರೆ ನಾನು ನಾನೇ ಅಲ್ಲ ಅಂತದೆ ಮಿಷಿನ್ನು. ದೇವುಡಾ! ಸೊಸೇನ್ ಕರ್ಕೊಂಡ್ ಹೋಗಿ, ಅವಳು ಅವಳೇ ಅಂತ ಆದ್ಮೇಲೆ ಅಕ್ಕಿ ತರ್ತೀನಿ. ಹಂಗಿರೋವಾಗ ನಿಮ್ ಡಬ್ಬ ನನ್ ಬಟ್ಟೆ ನೋಡ್ತದಾ? ಏನೋಪ್ಪ, ನಿಮ್ಮೇಲೆ ಭಾರ ಹಾಕೀನಿ. ಬೀಗ್ರ ಮುಂದೆ ನಮ್ ಮಖ ಉಳ್ಸಿ." ಅವರು ಹೇಳಿದ್ದು ನನಗೆ, ಆದರೆ ನೋಡಿದ್ದು ವನಜಳನ್ನು. ಅವರು ಹೋದ ಮೇಲೆ ವನಜ ಹೇಳಿದ್ದು ಒಂದೇ ಮಾತು: "ಇದು ಕೆಟ್ರೆ ನಾನು ಈ ಬೀದೀಲಿ ತಲೆ ಎತ್ಕೊಂಡು ಓಡಾಡಂಗಿಲ್ಲ, ತಿಳ್ಕೊಳ್ಳಿ."

ನಾನು ಸೆನ್ಸರನ್ನು ರಿಪೇರಿ ಮಾಡುವ ಯೋಚನೆಯನ್ನೇ ಬಿಟ್ಟೆ. ಅದಕ್ಕೆ ಸುಳ್ಳು ಹೇಳಲು ಕಲಿಯುವುದೇ ವಾಸಿ ಎಂದುಕೊಂಡೆ. ಮೊದಲು ಪೊರಕೆಕಡ್ಡಿಯೊಂದನ್ನು ಒಳಗೆ ಬಿಟ್ಟು, ಆ ನಾಲಗೆಯನ್ನು ನಾನೇ ಒತ್ತಿ ಹಿಡಿದೆ. ಬಗ್ಗಿ ಕೂತು ಹಾಗೆ ಮಾಡುತ್ತಿದ್ದಾಗ ಅಮ್ಮ ಹಾದುಹೋಗುತ್ತ, "ಅದಕ್ಕೆ ಕಚಗುಳಿ ಇಕ್ತಿದೀಯೇನೋ?" ಎಂದು ಕೇಳಿದಳು. ಹೆಚ್ಚುಕಡಿಮೆ ಅದೇ ಕೆಲಸ. ಬೇಗ ಒತ್ತಿದರೆ, 'ಕಾಗದ ಸಿಕ್ಕಿಕೊಂಡಿದೆ'. ತಡವಾಗಿ ಒತ್ತಿದರೆ, 'ಕಾಗದ ಇಲ್ಲ'. ಯಾವ ಸುಳ್ಳಾದರೂ ಅದಕ್ಕೆ ಒಪ್ಪಿಗೆ, ಹೊತ್ತಿಗೆ ಸರಿಯಾಗಿ ಹೇಳಬೇಕು ಅಷ್ಟೇ. ನನಗೆ ಪ್ರತಿ ಸಲವೂ ಹೊತ್ತು ತಪ್ಪುತ್ತಿತ್ತು. ಕೊನೆಗೆ ಹಲಗೆಯ ಅಂಚಿನುದ್ದಕ್ಕೂ ಗಟ್ಟಿ ರಟ್ಟಿನ ಪಟ್ಟಿ ಅಂಟಿಸಿದೆ. ಬಟ್ಟೆ ಒಳಗೆ ಹೋಗುವಾಗ ರಟ್ಟು ನಾಲಗೆಯನ್ನು ಒತ್ತಿಕೊಂಡು ಹೋಗಬೇಕು, ಬಟ್ಟೆ ಮುಗಿದಾಗ ರಟ್ಟೂ ಮುಗಿಯಬೇಕು. ಅಷ್ಟು ಉದ್ದದ ರಟ್ಟು ಮನೆಯಲ್ಲಿ ಎಲ್ಲಿ ಬರಬೇಕು? ಹಳೆಯ ಲಗ್ನಪತ್ರಿಕೆ, ಆಮಂತ್ರಣ ಪತ್ರಿಕೆಗಳಿದ್ದವು. ಒಂದಕ್ಕೊಂದು ಜೋಡಿಸಿ ಅಂಟಿಸಿದೆ. ಯಾರ ಯಾರದೋ ಮದುವೆ, ನಾಮಕರಣ, ಗೃಹಪ್ರವೇಶಗಳು ಸಾಲಾಗಿ ನಿಂತು ಒಂದು ಯಂತ್ರಕ್ಕೆ ಸುಳ್ಳು ಸಾಕ್ಷಿ ಹೇಳಲು ಸಿದ್ಧವಾದವು.

ನನ್ನ ಪಂಚೆಯ ಮೇಲೆ ಪರೀಕ್ಷೆ ಮಾಡಿದೆ. ದೀಪ ಹಸಿರಾಯಿತು! ಪಂಚೆಯ ಮೇಲೆ ಮದುಮಗಳ ಮುಖ ನಿಧಾನವಾಗಿ ಮೂಡಿತು. ಆ ಪಂಚೆಯನ್ನು ಇವತ್ತಿಗೂ ಉಡುವಂತಿಲ್ಲ, ಒರೆಸುವಂತಿಲ್ಲ. ಮರುದಿನ ಬೆಳಿಗ್ಗೆ ಅಸಲು ರೇಷ್ಮೆ. ಹುಡುಗಿಯ ಪಟ್ಟಿ ಹೂವಿನ ಹಾಗೆ ಬಂತು. ದೀಪ ಮತ್ತು ಹೆಸರುಗಳೂ ಬಂದವು. ವನಜ ಹೊಲಿಗೆ ಬಿಟ್ಟು ಬಂದು ನನ್ನ ಪಕ್ಕ ನಿಂತಳು. ಅವಳ ಮುಖದಲ್ಲಿ ಮದುವೆಯಾದ ಹೊಸದರಲ್ಲಿ ಕಂಡಿದ್ದ ಒಂದು ಭಾವ ಮೂಡಿತ್ತೆಂದು ನನ್ನ ನೆನಪು. ಅವಳು ಇಲ್ಲ ಎನ್ನುತ್ತಾಳೆ.

ಮೂರನೆಯ ಪಟ್ಟಿ ಒಳಗೆ ಹೋಯಿತು. ಹುಡುಗನ ಪೇಟ ಬಂತು, ಹಣೆ ಬಂತು, ಹುಬ್ಬು ಬಂತು. ಅಲ್ಲಿಗೆ ಯಂತ್ರ ಒಂದು ಕ್ಷಣ ಯೋಚಿಸಿ, ಕೆಲಸ ಮುಗಿಯಿತೆಂಬ ತೃಪ್ತಿಯ ಸದ್ದು ಮಾಡಿ, ಹಲಗೆಯನ್ನು ಸರ್ರನೆ ಹೊರಗೆ ತಳ್ಳಿಬಿಟ್ಟಿತು. ಗಂಜಿಯ ತೇವಕ್ಕೆ ಎರಡು ಲಗ್ನಪತ್ರಿಕೆಗಳ ನಡುವಿನ ಅಂಟು ಬಿಟ್ಟುಕೊಂಡು, ಸಂದು ಬಿದ್ದು, ನಾಲಗೆ ಅದರೊಳಗೆ ಇಳಿದಿತ್ತು. ಯಾರದೋ ಮದುವೆಗೂ ಯಾರದೋ ಗೃಹಪ್ರವೇಶಕ್ಕೂ ನಡುವೆ ನಮ್ಮ ಮದುಮಗ ಮುಗಿದುಹೋಗಿದ್ದ. ಪೇಟ, ಎರಡು ಹುಬ್ಬು, ಅದರ ಕೆಳಗೆ ಬರೀ ರೇಷ್ಮೆ. ಮತ್ತೆ ಅದೇ ಜಾಗದಿಂದ ಪ್ರಿಂಟ್ ಮುಂದುವರಿಸೋಣವೆಂದರೆ ಕೂದಲೆಳೆಯಷ್ಟು ಆಚೀಚೆಯಾದರೂ ಹುಬ್ಬಿನ ಮೇಲೆ ಮೂಗು ಬರುವ ಅಪಾಯ. ಬೇರೆ ಬಟ್ಟೆ ಇಲ್ಲ. ಮದುವೆಗೆ ಹೊರಡುವ ಬಸ್ಸಿಗೆ ರತ್ನಮ್ಮನವರು ಮಧ್ಯಾಹ್ನವೇ ಬಂದು ಅಂತರಪಟ ಒಯ್ಯುವವರಿದ್ದರು.

ವನಜ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ನನ್ನನ್ನು ನೋಡಿದಳು, ಮೂರು ಪಟ್ಟಿಗಳನ್ನೂ ಜೋಡಿಸಿ ಹೊಲಿಯಲು ಕುಳಿತಳು. ಬರಿದಾದ ಜಾಗದ ಸುತ್ತ ಉಳಿದದ್ದಕ್ಕಿಂತ ಅಗಲವಾದ ಜರಿ ಅಂಚು ಕೊಟ್ಟಳು, ಬೇಕೆಂದೇ ಬರಿದು ಬಿಟ್ಟ ಹಾಗೆ. ಮಡಿಸಿ, ಅರಿಸಿನದ ದಾರ ಕಟ್ಟಿ, ಮೇಲೆ ಒಂದು ವೀಳ್ಯದೆಲೆ ಸಿಕ್ಕಿಸಿದಳು. ರತ್ನಮ್ಮನವರು ಬಂದು ದಾರಕ್ಕೆ ಕೈ ಹಾಕಿದೊಡನೆ ಅವರ ಕೈ ಹಿಡಿದುಕೊಂಡು, ಒಂದಿಷ್ಟೂ ಕಣ್ಣು ಮಿಟುಕಿಸದೆ, "ಬಿಚ್ಬೇಡಿ ರತ್ನಮ್ಮತ್ತೆ! ಅಂತರಪಟಾನ ಮುಹೂರ್ತಕ್ಕೆ ಮುಂಚೆ ಬಿಚ್ಬಾರ್ದಂತಲ್ಲ. ನಿಮಗ್ ಗೊತ್ತಿಲ್ದಿದ್ದೇನು?" ಎಂದಳು.

ಅಂಥ ಒಂದು ಶಾಸ್ತ್ರ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅದು ಆಗ ತಾನೇ, ಹೊಲಿಗೆ ಯಂತ್ರದ ಪಕ್ಕದಲ್ಲಿ, ನನ್ನ ಕಣ್ಣೆದುರೇ ಹುಟ್ಟಿತ್ತು. ರತ್ನಮ್ಮ ಅರೆಕ್ಷಣ ತಡೆದರು. ತನಗೆ ಗೊತ್ತಿಲ್ಲದ ಶಾಸ್ತ್ರವೊಂದು ಇದೆ ಎಂದು ಒಪ್ಪಿಕೊಳ್ಳುವ ಜೀವ ಅಲ್ಲ ಅದು. "ಗೊತ್ತಿಲ್ದೆ ಏನಮ್ಮ! ನಮ್ಮಲ್ಲೂ ಹಂಗೇಯ. ನನ್ ಮದ್ವೇಲಿ ನಮ್ಮವ್ವ ಪೆಟ್ಟಿಗೇಲಿಟ್ಟು ಬೀಗ ಹಾಕಿದ್ಲು," ಎಂದು ಗಂಟನ್ನು ಹಾಗೇ ಎದೆಗವಚಿಕೊಂಡು ಹೋದರು. ಒಳಗಿನಿಂದ ಅಮ್ಮನೂ, "ಹೂಂ ಮತ್ತೆ, ಬಿಚ್ಚಿದ್ರೆ ದೋಷ," ಎಂದಳು.

ಮದುವೆ ಚಿಂತಾಮಣಿಯ ಒಂದು ಛತ್ರದಲ್ಲಿ. ನಾನು ಹೋಗುವುದಿಲ್ಲ, ಹೊಟ್ಟೆ ಸರಿಯಿಲ್ಲ ಎಂದೆ. "ನಡೀರಿ, ಬಯ್ಯೋದಾದ್ರೆ ಇಬ್ರಿಗೂ ಬಯ್ಲಿ," ಎಂದು ವನಜ ಎಳೆದುಕೊಂಡು ಹೋದಳು. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ, ಹೆಣ್ಣಿನ ಬೆನ್ನ ಹಿಂದೆ ಬರುವ ಹಾಗೆ ಕುಳಿತೆವು. ಪುರೋಹಿತರು ಅಂತರಪಟ ಎಂದರು. ಇಬ್ಬರು ಸೋದರಮಾವಂದಿರು ಗಂಟು ಬಿಚ್ಚಿ ಹಿಡಿದರು. ಒಬ್ಬರು ಎತ್ತರ, ಒಬ್ಬರು ಗಿಡ್ಡ, ಬಟ್ಟೆ ಓರೆಯಾಯಿತು. ನಮ್ಮ ಕಡೆಗೆ ಎಲ್ಲ ಕಾಣುತ್ತಿತ್ತು: ನಗುವ ಹುಡುಗಿ, ಉರಿಯುವ ದೀಪ, ಮುಖವಿಲ್ಲದ ಒಂದು ಪೇಟ. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳ ಕಿವಿಗೆ ಬಾಗಿದಳು. ರತ್ನಮ್ಮನವರ ಕತ್ತು ನಮ್ಮ ಕಡೆ ತಿರುಗಿತು. ವನಜ ನನ್ನ ಮುಂಗೈಯನ್ನು ಹಿಡಿದುಕೊಂಡಳು. ಅದು ಪ್ರೀತಿಯಿಂದಲ್ಲ ಎಂಬುದು ಉಗುರಿನಿಂದ ತಿಳಿಯುತ್ತಿತ್ತು.

ಆಗ ವೀಡಿಯೋದವನು ಹುಡುಗಿಯ ಮುಖಭಾವ ಹಿಡಿಯಬೇಕೆಂದು ತನ್ನ ದೊಡ್ಡ ದೀಪವನ್ನು ಹುಡುಗನ ಬೆನ್ನ ಹಿಂದೆ, ಓರೆಯಾಗಿ ಇರಿಸಿ ಹೊತ್ತಿಸಿದ. ರೇಷ್ಮೆ ಇಡೀ ಝಗ್ಗನೆ ಬೆಳಗಿತು. ಹುಡುಗನ ನೆರಳು ಬಟ್ಟೆಯ ಮೇಲೆ ಬಿತ್ತು. ಅವನ ಮೂಗು, ಮೀಸೆ, ಗದ್ದ ನೇರವಾಗಿ ಹೋಗಿ ಬರಿದಾದ ಜಾಗದಲ್ಲಿ, ಆ ಪೇಟದ ಕೆಳಗೆ ಕುಳಿತವು. ಹುಡುಗ ನಕ್ಕರೆ ಚಿತ್ರ ನಕ್ಕಿತು. ಛತ್ರಕ್ಕೆ ಛತ್ರವೇ 'ಓ' ಎಂದಿತು. ಗಟ್ಟಿಮೇಳ ಮೊಳಗಿತು, ಜೀರಿಗೆ ಬೆಲ್ಲ ಹಾರಿತು. ರತ್ನಮ್ಮ ಜನರನ್ನು ತಳ್ಳಿಕೊಂಡು ನಮ್ಮತ್ತ ಬಂದು, "ಏನ್ ತಲೆ ಓಡ್ಸಿದೀಯೇ ವನಜಮ್ಮ! ಚಾಲಾ ಬಾಗುಂದಿ! ಅದಕ್ಕೇ ಬಿಚ್ಬೇಡಿ ಅಂದ್ಯಾ?" ಎಂದು ಖುಷಿಗೆ ತೆಲುಗನ್ನೂ ಬೆರೆಸಿ ಅವಳ ಗಲ್ಲ ಸವರಿದರು.

"ಹೂಂ ಅತ್ತೆ," ಎಂದಳು ನನ್ನ ಹೆಂಡತಿ.

ಇದೇ ನೋಡಿ ನಾನು ಮೊದಲಿನಿಂದ ಹೆದರುತ್ತಿದ್ದ ಅಚ್ಚುಕಟ್ಟು. ಆಮೇಲೆ ಆ ವೀಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ನೆರಳು ಸರಿಯಾಗಿ ಕೂತಿರಲೇ ಇಲ್ಲ. ಒಂದು ಗೇಣು ಪಕ್ಕಕ್ಕಿದೆ. ಪೇಟದ ಕೆಳಗೆ ಬಂದಿರುವುದು ಮುಖವಲ್ಲ, ಕಿವಿ. ನಡುವಿನ ದೀಪದ ಮೇಲೆ ಮೂಗಿದೆ. ಇದನ್ನು ವನಜಳಿಗೆ ತೋರಿಸಿದೆ. "ಆ ವೀಡಿಯೋ ಸರಿಯಿಲ್ಲ," ಎಂದಳು. ಆಲ್ಬಮ್ಮಿನಲ್ಲಿ ಫೋಟೋಗ್ರಾಫರು ಕಂಪ್ಯೂಟರಿನಲ್ಲಿ ನೆರಳನ್ನು ಎಳೆದು ತಂದು ಪೇಟದ ಕೆಳಗೆ ನೆಟ್ಟಗೆ ಕೂರಿಸಿದ್ದಾನೆ. ಎಲ್ಲರ ಫೋನಿನಲ್ಲಿ ಓಡಾಡಿದ್ದು ಅದೇ ಫೋಟೋ. ಈಗ ಛತ್ರದಲ್ಲಿದ್ದ ನಾನೂರು ಜನಕ್ಕೂ ಅದೇ ನೆನಪು, ನನ್ನನ್ನೂ ಸೇರಿಸಿ. ವೀಡಿಯೋ ನೋಡದಿದ್ದಾಗ ನನಗೂ ನೆರಳು ಸರಿಯಾಗಿಯೇ ಕೂತಿರುತ್ತದೆ. ಅಂತರಪಟವನ್ನು ಮುಂಚೆ ಬಿಚ್ಚಬಾರದೆಂಬ ಶಾಸ್ತ್ರವಂತೂ ಪೆರೇಸಂದ್ರದವರೆಗೆ ಹೋಗಿದೆ. ಅಲ್ಲಿಂದ ಬಂದ ಒಬ್ಬ ಮುದುಕರು ಅದರ ಕಾರಣವನ್ನೂ ನನಗೆ ವಿವರಿಸಿದರು. ಬಹಳ ವೈಜ್ಞಾನಿಕವಂತೆ.

ವನಜಳ ಅಂಗಡಿಯ ಮುಂದೆ ಈಗ ಸಾಲು ನಿಲ್ಲುತ್ತದೆ. ಎಲ್ಲರಿಗೂ ಬೇಕಾಗಿರುವುದು 'ಗಂಡಿನ ನೆರಳು ಕೂರೋ ಅಂತರಪಟ'. ಪಟ್ಟಿಗಳನ್ನು ಪ್ರಿಂಟ್ ಹಾಕಿಕೊಡುವ ಹೊಣೆ ನನ್ನದು. ಇಲ್ಲಿಂದ ನನ್ನ ನಿಜವಾದ ಕಷ್ಟ ಆರಂಭವಾಯಿತು. ಯಂತ್ರ ಸರಿಹೋಗಿಬಿಟ್ಟಿತ್ತು! ಹೊಸ ಪಟ್ಟಿ ಹಾಕಿದರೆ ಹುಡುಗನ ಹುಬ್ಬಿನ ಬಳಿ ನಿಲ್ಲದೆ, ಮೀಸೆ, ಗದ್ದ, ಶೇರ್ವಾನಿಯ ಗುಂಡಿಗಳ ತನಕ ಎಲ್ಲವನ್ನೂ ಮುತುವರ್ಜಿಯಿಂದ ಮುದ್ರಿಸಿ ಹಸಿರು ದೀಪ ತೋರಿಸಿತು. ಲಗ್ನಪತ್ರಿಕೆಗಳ ನಡುವೆ ಬೇಕೆಂದೇ ಸಂದು ಬಿಟ್ಟೆ. ಸಂದು ಸಣ್ಣದಾದರೆ ನಾಲಗೆ ಅದನ್ನು ದಾಟಿ ಹೋಯಿತು. ದೊಡ್ಡದಾದರೆ, 'ಕಾಗದ ಸಿಕ್ಕಿಕೊಂಡಿದೆ' ಎಂದು ಪೇಟಕ್ಕೂ ಮೊದಲೇ ನಿಂತಿತು. ಗಂಜಿಯನ್ನು ತೆಳ್ಳಗೆ ಮಾಡಿ ನೋಡಿದೆ, ಮಂದ ಮಾಡಿ ನೋಡಿದೆ. ಮೊದಲ ಸಲದ್ದೇ ತಪ್ಪು ಬೇಕೆಂದು ಮೊದಲ ಸಲದ್ದೇ ಪತ್ರಿಕೆಗಳನ್ನು ರದ್ದಿಯ ರಾಶಿಯಿಂದ ಆರಿಸಿ ತಂದೆ. ಕೊನೆಗೆ ಮೊನ್ನೆ ಭಾನುವಾರ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ದೇವರ ಗೂಡಿನಿಂದ ಕುಂಕುಮದ ಭರಣಿಯನ್ನೇ ತಂದೆ. ಉಂಗುರ ಬೆರಳನ್ನು ಅದ್ದಿ ಆ ಪಾರದರ್ಶಕ ಪಟ್ಟಿಯ ಮೇಲೆ ಇಡುವುದರಲ್ಲಿದ್ದೆ. ತಲೆಯೆತ್ತಿದರೆ ವನಜ ಬಾಗಿಲಲ್ಲಿ ನಿಂತಿದ್ದಳು.

"ಏನ್ ಮಾಡ್ತಿದೀರಿ?"

"ಆವತ್ತಿನ ದೋಷ ಮತ್ತೆ ಬರ್ಸಕ್ಕೆ ನೋಡ್ತಿದೀನಿ. ಬರ್ತಾನೇ ಇಲ್ಲ ಕಣೇ."

ಅವಳು ಬಂದು ಕಂಪ್ಯೂಟರಿನ ಪರದೆಯನ್ನು ನೋಡಿದಳು. ಅದರಲ್ಲಿ ಮುಂದಿನ ಮದುವೆಯ ಹುಡುಗ ಪೇಟ, ಮುಖ ಸಮೇತ ನಗುತ್ತಿದ್ದ. ಅವನ ಹುಬ್ಬಿನ ಕೆಳಗೆ ಅವಳು ಬೆರಳಿಟ್ಟು ಒಂದು ಗೆರೆ ಎಳೆದಳು.

"ಇಲ್ಲಿಂದ ಕೆಳಗೆ ಅಳಿಸ್ಬಿಟ್ಟು ಪ್ರಿಂಟ್ ಹಾಕಿದ್ರೆ ಆಗಲ್ವೇನ್ರೀ?"

ಹಸಿರು ದೀಪ ಉರಿಯುತ್ತಿತ್ತು. ಬಸ್ ಟಿಕೆಟ್ಟು ಮುಚ್ಚಳವೆಂದೂ, ಲಗ್ನಪತ್ರಿಕೆ ಕಾಗದವೆಂದೂ, ತುಂಬಿದ ಡಬ್ಬಿಗಳು ಖಾಲಿಯಾದರೆ ಹೊಣೆ ನನ್ನದೆಂದೂ ಆ ಯಂತ್ರವನ್ನು ನಂಬಿಸಿದ ನಾನು, ಕುಂಕುಮದ ಬೆರಳನ್ನು ಪಂಚೆಗೆ ಒರೆಸಿಕೊಂಡು, ಆದಷ್ಟು ಗಂಭೀರವಾದ ದನಿಯಲ್ಲಿ ಹೇಳಿದೆ:

"ಆಗುತ್ತೆ. ಆದ್ರೆ ಗಿರಾಕಿಗಳಿಗೆ ಮೋಸ ಮಾಡ್ದಂಗಾಗಲ್ವಾ?"